ಆನೆ ಡಾಕ್ಟರ್ ಷಡಕ್ಷರಿ

ಮೈಸೂರಿನ ಬನ್ನಿಮಂಟಪದಲ್ಲಿ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಷಡಕ್ಷರಿಗೆ ಬೀಡಿ, ಎಲೆಅಡಿಕೆ ಯಾವ ಚಟವೂ ಇರಲಿಲ್ಲ. ಬಸ್ಸು ಹತ್ತಿದರೆ ಮಾತ್ರ ಪಕ್ಕದವರ ಮುಂದೆ ಬೇರೆ ಯಾರೋ ಆಗಿಬಿಡುತ್ತಿದ್ದ. ಒಮ್ಮೆ ಕೋರ್ಟಿನ ಅಮೀನ, ಒಮ್ಮೆ ಹಡಗಿನ ಅಡುಗೆಯವ. ಹೆಂಡತಿ ಮಹದೇವಮ್ಮನಿಗೆ ಇದು ಗೊತ್ತಿತ್ತು. ಜೊತೆಗೆ ಹೋದಾಗ ಬೇರೆ ಸೀಟಿನಲ್ಲಿ ಕೂರುತ್ತಿದ್ದಳು.

೧೯೯೭ರ ಬೇಸಿಗೆಯಲ್ಲಿ ಅವನೊಬ್ಬನೇ ತಂಗಿ ಮನೆಗೆಂದು ಹುಬ್ಬಳ್ಳಿ ಬಸ್ಸು ಹತ್ತಿದ. ಪಕ್ಕದಲ್ಲಿ ಗಿರಿಜಾಂಬಾ ಎಂಬ ಹಿರಿಯ ಹೆಂಗಸು, ಮಗಳ ಬಾಣಂತನಕ್ಕೆ ಹೊರಟವರು. ಬಸ್ಸು ನಿಲ್ದಾಣ ದಾಟುವಷ್ಟರಲ್ಲಿ ಷಡಕ್ಷರಿ ದಾಂಡೇಲಿಯ ಆನೆ ಡಾಕ್ಟರಾಗಿದ್ದ.

"ಮೈಸೂರಿಗೆ ಇದೇ ಮೊದಲು ಬಂದದ್ದು, ದಿಕ್ಕೇ ತಿಳಿಯಲ್ಲ" ಎಂದೂ ಸೇರಿಸಿದ.

ಹತ್ತು ನಿಮಿಷಕ್ಕೆ ಬನ್ನಿಮಂಟಪದ ಹತ್ತಿರ ರೇಡಿಯೇಟರ್ ಕುದಿದು ಬಸ್ಸು ನಿಂತಿತು. ಉದಯಗಿರಿಯಿಂದ ಮೆಕ್ಯಾನಿಕ್ ಬರಬೇಕು, ಎರಡು ಮೂರು ಗಂಟೆ ಆಗುತ್ತದೆ ಎಂದ ಕಂಡಕ್ಟರ್. ಷಡಕ್ಷರಿ ಟವೆಲ್ಲನ್ನು ತಲೆಗೆ ಸುತ್ತಿ ಮುಖ ಮರೆಸಿಕೊಂಡ. ಎದುರಿಗಿದ್ದದ್ದು ಅವನದೇ ಬೀದಿ.

ಒಂದು ಗಂಟೆ ಕಳೆಯಿತು. ಗಿರಿಜಾಂಬಾ ಸಂಕೋಚದಿಂದ, "ಸಕ್ಕರೆ ಕಾಯಿಲೆ ಕಣ್ರೀ, ತಡೆಯಕ್ಕಾಗಲ್ಲ. ಇಲ್ಲಿ ಎಲ್ಲಾದ್ರೂ ಬಚ್ಚಲು..." ಎಂದರು.

ಅವರ ಮುಖ ನೋಡಿ ಷಡಕ್ಷರಿಗೆ ಸುಮ್ಮನೆ ಕೂರಲಾಗಲಿಲ್ಲ. "ಬನ್ನಿ ತಾಯಿ, ಪರಿಚಯದೋರ ಮನೆ ಒಂದಿದೆ" ಎಂದು ಕರೆದೊಯ್ದು ತನ್ನ ಮನೆ ಬಾಗಿಲನ್ನೇ ತಟ್ಟಿದ. ದಿಕ್ಕೇ ತಿಳಿಯದ ಊರಿನಲ್ಲಿ ಪರಿಚಯದವರು ಎಲ್ಲಿಂದ ಬಂದರು ಎಂದು ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಮಹದೇವಮ್ಮ ಬಾಯಿ ತೆರೆಯುವ ಮೊದಲೇ ಅವನು, "ನಮಸ್ಕಾರ ಕಣಮ್ಮ. ಗುರುತು ಸಿಕ್ತಾ? ದಾಂಡೇಲಿ ಆನೆ ಡಾಕ್ಟ್ರು" ಎಂದ.

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸಿಕ್ದೇ ಇರ್ತದಾ, ಬನ್ನಿ ಡಾಕ್ಟ್ರೇ" ಎಂದು ಗಿರಿಜಾಂಬಾ ಅವರಿಗೆ ಬಚ್ಚಲು ತೋರಿಸಿದಳು. ಅವರು ಹೊರಬಂದ ಮೇಲೆ ಇಬ್ಬರಿಗೂ ಕಾಫಿ ಕೊಟ್ಟು ಎದುರಿಗೆ ಕೂತಳು.

"ಡಾಕ್ಟ್ರೇ, ನಮ್ಮನೇಲೂ ಒಂದು ಆನೆ ಅದೆ. ಹೊತ್ತೊತ್ತಿಗೆ ತಿಂತದೆ, ಒಂದು ಕೊಡ ನೀರು ಎತ್ತಲ್ಲ. ಕಣ್ತಪ್ಸಿದ್ರೆ ಊರೆಲ್ಲ ಸುಳ್ಳು ಹೇಳ್ಕೊಂಡು ತಿರುಗ್ತದೆ. ಏನು ಔಷಧಿ ಕೊಡದು?"

ಷಡಕ್ಷರಿಗೆ ಕಾಫಿ ನೆತ್ತಿಗೇರಿತು. "ಪ್ರೀತಿಯಿಂದ ನೋಡ್ಕೊಳ್ಳಿ" ಎಂದ ಕೆಮ್ಮುತ್ತ.

"ನಾನು ಅಂಕುಶ ಅಂದ್ಕೊಂಡಿದ್ದೆ."

ಗಿರಿಜಾಂಬಾ ಗೋಡೆಯ ಮೇಲಿನ ಮದುವೆ ಫೋಟೋ ನೋಡುತ್ತಿದ್ದರು. "ನಿಮ್ಮ ಯಜಮಾನ್ರು ಎಲ್ಲಿ ಹೋಗಿದ್ದಾರಮ್ಮ?" ಎಂದು ಕೇಳಿದರು.

"ಇಲ್ಲೇ ಎಲ್ಲೋ ತಪ್ಪಿಸ್ಕೊಂಡವ್ರೆ" ಎಂದಳು ಮಹದೇವಮ್ಮ.

ಬಸ್ಸು ಕೊನೆಗೂ ಹೊರಟು ಶ್ರೀರಂಗಪಟ್ಟಣ ದಾಟಿದ ಮೇಲೆ ಗಿರಿಜಾಂಬಾ ಮೆಲ್ಲಗೆ, "ಫೋಟೋದಲ್ಲಿ ನಿಮಗೆ ಕೂದಲು ಚೆನ್ನಾಗಿತ್ತು ಡಾಕ್ಟ್ರೇ" ಎಂದರು.

ಷಡಕ್ಷರಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಎದೆ ಹಗುರಾಯಿತು. ಜೀವಮಾನದಲ್ಲಿ ಮೊದಲ ಸಲ ಬಸ್ಸಿನಲ್ಲಿ ನಿಜ ಹೇಳಲು ಶುರುಮಾಡಿದ: ಕಾಲರ್ ಹೇಗೆ ಕತ್ತರಿಸಬೇಕು, ಜೂನ್ ತಿಂಗಳಲ್ಲಿ ದಿನಕ್ಕೆ ಎಷ್ಟು ಚಡ್ಡಿ ಹೊಲಿಯಬೇಕು, ಗುಂಡಿ ಎಲ್ಲಿಂದ ತರಿಸಬೇಕು.

ಗುಂಡಿಯ ವಿಷಯಕ್ಕೆ ಬರುವಷ್ಟರಲ್ಲಿ ಗಿರಿಜಾಂಬಾ ಗೊರಕೆ ಹೊಡೆಯುತ್ತಿದ್ದರು.