ಇಸ್ತ್ರಿ ಮಾಡಿದ ನೋಟು

ಹೇಳಿಕೊಳ್ಳಲು ನನಗೇನು ಸಂಕೋಚ? ಬರ್ಕ್ಲಿಯ ಆ ಹಳೇ ನೋಟಿನ ಅಂಗಡಿಯಲ್ಲಿ ಮಾಲೀಕರ ಕಣ್ಣಿಗೆ ಬೀಳದ್ದು ನನ್ನ ಕಣ್ಣಿಗೆ ಬೀಳುತ್ತಿತ್ತು. ಆದರೆ ಆ ವಿದ್ಯೆ ಬಂದದ್ದು ನನ್ನ ದಡ್ಡತನದಿಂದಲೇ.

ಎಂಬತ್ತರ ದಶಕದ ಮಾತು. ಮದುವೆಯಾಗಿ ಮೈಸೂರಿನಿಂದ ಅಮೆರಿಕಕ್ಕೆ ಬಂದ ಮೂರನೇ ವರ್ಷ ಅಲ್ಲಿ ಕೆಲಸ ಸಿಕ್ಕಿತು. ಮಾಲೀಕರು ವಯಸ್ಸಾದವರು, ಒಂಟಿ ಮನುಷ್ಯ. ಅವರ ಅಂಗಿ ಸದಾ ಮುದುಡಿಕೊಂಡೇ ಇರುತ್ತಿತ್ತು. ಹಿಂದಿನ ಕಾಲದ ಅಮೆರಿಕದ ನೋಟುಗಳು ಈಗಿನ ಡಾಲರಿಗಿಂತ ದೊಡ್ಡವು, ಸಂಗ್ರಹಿಸುವ ಹುಚ್ಚಿನವರು ಒಳ್ಳೇ ಬೆಲೆ ಕೊಟ್ಟು ಕೊಳ್ಳುತ್ತಿದ್ದರು. ಅವನ್ನು ಪ್ಲಾಸ್ಟಿಕ್ ಲಕೋಟೆಗೆ ಹಾಕಿ ಚೀಟಿ ಅಂಟಿಸುವುದು ನನ್ನ ಕೆಲಸ. ಒಂದೇ ಒಂದು ಮಡಿಕೆ ಬಿದ್ದಿದ್ದರೂ ನೋಟಿನ ಬೆಲೆ ಇಳಿಯುತ್ತದೆ ಎಂದು ಅವರು ಮೊದಲ ದಿನವೇ ಹೇಳಿದ್ದರು.

ಆ ವಾರವೇ ನಡುವೆ ಮಡಿಕೆಯಿದ್ದ ನೋಟೊಂದು ನನ್ನ ಕೈಗೆ ಬಂತು. ನಮ್ಮಮ್ಮ ವರಮಹಾಲಕ್ಷ್ಮಿ ಹಬ್ಬಕ್ಕೆ ಮುದುಡಿದ ನೋಟನ್ನು ದೇವಿಯ ಮುಂದೆ ಇಟ್ಟವಳೇ ಅಲ್ಲ. ಇಸ್ತ್ರಿ ಮಾಡಿಯೇ ಇಡುತ್ತಿದ್ದಳು. ಲಕ್ಷ್ಮಿಗೆ ಒಪ್ಪಿದ್ದು ಅಮೆರಿಕಕ್ಕೆ ಒಪ್ಪುವುದಿಲ್ಲವೇ? ಯಾರನ್ನೂ ಕೇಳದೆ ಮನೆಗೆ ತಂದು ಇಸ್ತ್ರಿ ಹಾಕಿದೆ.

ಮರುದಿನ ಮಾಲೀಕರು ತಲೆಯ ಮೇಲೆ ಕೈಹೊತ್ತು ಕುಳಿತರು. ಹಳೇ ನೋಟಿನ ಅಚ್ಚು ಬೆರಳಿಗೆ ಉಬ್ಬಾಗಿ ತಾಗಬೇಕಂತೆ. ನಾನು ಅದನ್ನು ಚಪ್ಪಟೆ ಮಾಡಿದ್ದೆ. ಇದ್ದ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು.

“ಇದನ್ನು ನೀನೇ ಇಟ್ಟುಕೊ, ದಿನಾ ನೋಡು. ಇನ್ನೊಂದು ತಪ್ಪಾದರೆ ಕೆಲಸಕ್ಕೆ ಬರಬೇಡ” ಎಂದರು.

ಮನೆಯಲ್ಲಿ ನನ್ನವರು ಬಿದ್ದು ಬಿದ್ದು ನಕ್ಕರು. “ಅಯ್ಯೋ ನಿನ್ನ! ನನ್ ಶರ್ಟ್ ಇಸ್ತ್ರಿ ಮಾಡೇ ಅಂದ್ರೆ ಟೈಮಿಲ್ಲ, ಡಾಲರಿಗೆ ಇಸ್ತ್ರಿನಾ?”

“ನಿಮ್ ಶರ್ಟಿಗೆ ಅಷ್ಟು ಬೆಲೆ ಇಲ್ಲ ಬಿಡಿ” ಎಂದೆನೇನೋ ನಿಜ, ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ. ಆ ದೇಶದಲ್ಲಿ ನಾನಾಗಿ ಸಂಪಾದಿಸಿಕೊಂಡಿದ್ದು ಆ ಕೆಲಸವೊಂದೇ.

ಅಲ್ಲಿಂದ ಮುಂದೆ ಆ ಕೆಟ್ಟ ನೋಟನ್ನು ದಿನಾ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತಿದ್ದೆ, ಬೆರಳಾಡಿಸುತ್ತಿದ್ದೆ.

ಕೆಲವು ತಿಂಗಳ ನಂತರ ಸೂಟು ತೊಟ್ಟ ಒಬ್ಬ ಬಂದ. ಅವನು ತಂದ ನೋಟಿನಲ್ಲಿ ಒಂದು ಗೆರೆಯೂ ಇಲ್ಲ, ಇವತ್ತೇ ಅಚ್ಚಾದಂತಿತ್ತು. ಅವನು ಕೇಳಿದ್ದು ಅಂಗಡಿಯ ನಾಲ್ಕು ತಿಂಗಳ ಸಂಪಾದನೆ. ಮಾಲೀಕರು ಭೂತಗನ್ನಡಿ ಹಿಡಿದು ನೋಡಿ, ಖುಷಿಯಾಗಿ ಚೆಕ್ ಪುಸ್ತಕ ತೆಗೆದರು.

ನನಗೋ ಆ ನೋಟಿನ ಹೊಳಪು ಕಣ್ಣಿಗೆ ಚುಚ್ಚಿತು. ಮೇಲೆ ಬಟ್ಟೆ ಹಾಸದೆ ಇಸ್ತ್ರಿ ಮಾಡಿದರೆ ಕಪ್ಪು ಪ್ಯಾಂಟಿಗೆ ಬರುತ್ತದಲ್ಲ, ಅದೇ ಹೊಳಪು. ನನ್ನ ಮಾತು ಸುಳ್ಳಾದರೆ ಕೆಲಸ ಹೋಗುತ್ತದೆ. ಸುಮ್ಮನಿದ್ದರೆ ಮುದುಕರು ಮುಳುಗುತ್ತಾರೆ. ಆದದ್ದಾಗಲಿ ಎಂದುಕೊಂಡೆ.

“ಬರೀಬೇಡಿ, ಇದಕ್ಕೆ ಇಸ್ತ್ರಿ ಹಾಕಿದ್ದಾರೆ” ಎಂದೆ.

“ಇವಳಿಗೇನು ಗೊತ್ತು?” ಎಂದು ಸೂಟಿನವನು ಕೆಂಪಾದ. ಮಾಲೀಕರೂ ನನ್ನನ್ನು ದುರುಗುಟ್ಟಿ ನೋಡಿದರು. ನಾನು ಕೈಚೀಲದಿಂದ ನನ್ನ ನೋಟು ತೆಗೆದು, ಎರಡನ್ನೂ ಕಿಟಕಿಯ ಬಳಿ ಒಯ್ದು ಓರೆ ಮಾಡಿ ಹಿಡಿದೆ. ಎರಡಕ್ಕೂ ಒಂದೇ ಹೊಳಪು. ಅವನ ನೋಟಿನ ನಡುವೆಯೂ ಅಳಿಸಿಹೋದ ಮಡಿಕೆಯೊಂದು ಸಣ್ಣಗೆ ಕಂಡಿತು. ಮಾಲೀಕರು ನೋಟಿನ ಮೇಲೆ ಬೆರಳಾಡಿಸಿದರು, ಆಮೇಲೆ ಚೆಕ್ ಪುಸ್ತಕ ಮುಚ್ಚಿದರು. ಸೂಟಿನವನು ನೋಟು ಕಸಿದುಕೊಂಡು ಹೊರಟೇಹೋದ.

“ಇಷ್ಟು ವರ್ಷ ನೋಟು ನೋಡಿದ್ದೇನೆ, ನನಗೆ ಹೇಗೆ ಕಾಣಲಿಲ್ಲ?” ಎಂದರು ಮಾಲೀಕರು.

“ನೀವು ಜನ್ಮದಲ್ಲಿ ಇಸ್ತ್ರಿಪೆಟ್ಟಿಗೆ ಮುಟ್ಟಿದವರಲ್ಲ, ಅದಕ್ಕೆ” ಎಂದೆ.

ತಮ್ಮ ಅಂಗಿ ನೋಡಿಕೊಂಡು ಅವರು ಜೋರಾಗಿ ನಕ್ಕರು. ಮರುದಿನದಿಂದ ಯಾರೇ ನೋಟು ತಂದರೂ “ಮೊದಲು ಅವರಿಗೆ ತೋರಿಸಿ” ಎಂದು ನನ್ನ ಕಡೆ ಕೈ ತೋರಿಸುತ್ತಿದ್ದರು. ಆಗ ನನ್ನ ಜಂಬ ನೋಡಬೇಕಿತ್ತು!

ಆ ಕೆಟ್ಟ ನೋಟು ಇನ್ನೂ ನನ್ನ ಹತ್ತಿರವೇ ಇದೆ. ಪ್ರತಿ ವರ್ಷ ಹಬ್ಬಕ್ಕೆ ಲಕ್ಷ್ಮಿಯ ಮುಂದೆ ಇಟ್ಟು ಕೈಮುಗಿಯುತ್ತೇನೆ. ಕುಂಕುಮ ಮಾತ್ರ ಹಚ್ಚುವುದಿಲ್ಲ, ಉಳಿದಿರುವ ಬೆಲೆಯೂ ಇಳಿದೀತು.