ರುದ್ರಣ್ಣನಿಗೆ ಕೇಳಿಸಿದ ಕೂಗು

೧೯೯೭ರಲ್ಲಿ ನಾನು ಭದ್ರಾವತಿಯ ಒಂದು ಕಾರ್ಖಾನೆಯ ಆರೋಗ್ಯ ಕೇಂದ್ರದಲ್ಲಿ ವೈದ್ಯೆಯಾಗಿದ್ದೆ. ಮನೆ ಶಿವಮೊಗ್ಗದಲ್ಲಿ, ದಿನವೂ ಬಸ್ಸಿನ ಓಡಾಟ. ಆ ವರ್ಷ ಸದ್ದು ಹೆಚ್ಚಿರುವ ವಿಭಾಗಗಳ ಕಾರ್ಮಿಕರಿಗೆ ಆಡಿಯೋಮೆಟ್ರಿ, ಅಂದರೆ ಕಿವಿಯ ಪರೀಕ್ಷೆ, ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅದರ ಜೊತೆಗೇ ಸಕ್ಕರೆ ಕಾಯಿಲೆಯೂ ಬಂತು. ಊರಿಗೆಲ್ಲ ನಡೆಯಿರಿ ನಡೆಯಿರಿ ಎಂದು ಉಪದೇಶ ಮಾಡುತ್ತಿದ್ದವಳು ಬೆಳಗ್ಗೆ ರಾಗಿಗುಡ್ಡ ಹತ್ತಿ ಏದುಸಿರು ಬಿಡುವುದನ್ನು ಕಂಡು ಮನೆಯವರು ನಕ್ಕಿದ್ದೇ ನಕ್ಕಿದ್ದು.

ಪರೀಕ್ಷೆಗೆ ಬಂದವರಲ್ಲಿ ಜನ್ನಾಪುರದ ರುದ್ರಣ್ಣ ಒಬ್ಬರು. ಫೋರ್ಜ್ ಶಾಪ್‌ನಲ್ಲಿ, ಅಂದರೆ ಕಾದ ಉಕ್ಕನ್ನು ಯಂತ್ರದ ಸುತ್ತಿಗೆಯಿಂದ ಬಡಿಯುವ ವಿಭಾಗದಲ್ಲಿ, ಹರೆಯವನ್ನೆಲ್ಲ ಕಳೆದಿದ್ದರು. ಅಂಥ ಸದ್ದಿಗೆ ಮೊದಲು ಬಲಿಯಾಗುವುದು ತೆಳು ದನಿಗಳು. ಗಂಡಸರ ದಪ್ಪ ದನಿ ಅಷ್ಟಿಷ್ಟು ಕೇಳುತ್ತದೆ. ಸೀಟಿ, ಹಕ್ಕಿಯ ಕೂಗು, ಹೆಂಗಸರ ಮಾತು ಹೊರಟುಹೋಗುತ್ತವೆ.

“ನೀವು ಮಾತಾಡೋದು ಕಾಣುತ್ತೆ ಡಾಕ್ಟ್ರಮ್ಮ, ಕೇಳಲ್ಲ. ನಮ್ಮನೆಯವಳ ಮಾತೂ ಅಷ್ಟೇ. ಪುಣ್ಯ ಮಾಡಿದ್ದೆ ಬಿಡಿ,” ಎಂದು ನಕ್ಕರು.

ನನ್ನನ್ನು ಕಾರ್ಮಿಕರ ಚಾರಣದ ಗುಂಪಿಗೆ ಎಳೆದುಕೊಂಡವರೂ ಅವರೇ. ಭಾನುವಾರಗಳಂದು ಭದ್ರಾ ಕಾಡಿನಂಚಿನ ಗುಡ್ಡಗಳನ್ನು ಹತ್ತುತ್ತಿದ್ದೆವು. ರುದ್ರಣ್ಣನ ಜೊತೆ ಸದಾ ಪಕ್ಕದ ಮನೆಯ ಸೆಲ್ವರಾಜ್ ಇರುತ್ತಿದ್ದರು. ಭದ್ರಾವತಿಯಲ್ಲೇ ಹುಟ್ಟಿ ಬೆಳೆದ ತಮಿಳರು. ಗೆಳೆಯನಿಗೆ ಕೇಳಿಸದ್ದನ್ನೆಲ್ಲ ಕಿವಿಯ ಹತ್ತಿರ ಬಂದು ಗಟ್ಟಿಯಾಗಿ ಹೇಳುವುದು ಅವರ ಕೆಲಸ. ನನ್ನ ಸಕ್ಕರೆ ಹತೋಟಿಗೆ ಬಂತು, ಮನಸ್ಸು ಹಗುರಾಯಿತು. ಅಷ್ಟು ಸುಖದ ವರ್ಷ ನನ್ನ ಉದ್ಯೋಗದಲ್ಲಿ ಇನ್ನೊಂದಿರಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ಇವರಿಬ್ಬರೂ ಫೋಟೋ ತೆಗೆಯುತ್ತೇವೆಂದು ದಾರಿ ಬಿಟ್ಟು ಹೋದವರು ಊಟದ ಹೊತ್ತಿಗೆ ಬರಲಿಲ್ಲ. ಗುಂಪಿನ ಮುಂದಾಳು ಶಾಂತಕುಮಾರ್ ಎಂಬ ಫಿಟ್ಟರ್. ಮಧ್ಯಾಹ್ನವೆಲ್ಲ ಸೀಟಿ ಊದುತ್ತ ಹುಡುಕಿದರು. ಉತ್ತರವಿಲ್ಲ. ಹೊತ್ತು ಇಳಿಯುತ್ತಿದ್ದಂತೆ ನನಗೊಂದು ಹೊಳೆಯಿತು. ಸೆಲ್ವರಾಜ್ ಕಿವಿ ಚೆನ್ನಾಗಿತ್ತು. ಅವರು ಸೀಟಿಗೆ ಉತ್ತರ ಕೊಡುತ್ತಿಲ್ಲವೆಂದರೆ ಅವರಿಗೇ ಏನೋ ಆಗಿದೆ.

“ಸೀಟಿ ಬಿಡು ಮಾರಾಯ, ರುದ್ರಣ್ಣಂಗೆ ಅದು ಕೇಳಲ್ಲ. ದಪ್ಪ ದನೀಲಿ ಕೂಗು,” ಎಂದೆ.

ಶಾಂತಕುಮಾರ್ ಬಂಡೆಯ ಮೇಲೆ ನಿಂತು ಮೂರು ಸಲ ಕೂಗಿದರು, ನಡುನಡುವೆ ಕಿವಿಗೊಟ್ಟು ಕಾಯುತ್ತ. ಮೂರು ಸಲ ಕೂಗುವುದು ನಮ್ಮ ಕಡೆಯ ರೂಢಿ. ಕಾಡಿನಲ್ಲಿ ಒಂದೇ ಕೂಗಿಗೆ ಯಾರೂ ಓಗೊಡುವುದಿಲ್ಲ. ಕೂಗಿದ್ದು ಮನುಷ್ಯರಲ್ಲದಿದ್ದರೆ ಓಗೊಟ್ಟವರನ್ನು ಕರೆದೊಯ್ಯುತ್ತದೆಂಬ ಭಯ. ಗಾಳಿ ಜೋರಾಗಿತ್ತು. ಯಾರೂ ಓಗೊಡಲಿಲ್ಲ. ನಾವು ಗುಡ್ಡದ ಇನ್ನೊಂದು ಮಗ್ಗುಲಿಗೆ ಹೊರಟೆವು.

ಬೆಳಗ್ಗೆ ಅವರು ಸಿಕ್ಕಿದ್ದು ಅದೇ ಬಂಡೆಯ ಕೆಳಗಿನ ಕೊರಕಲಿನಲ್ಲಿ. ಸೆಲ್ವರಾಜ್ ಜಾರಿಬಿದ್ದು ತಲೆಗೆ ಪೆಟ್ಟಾಗಿತ್ತು. ರುದ್ರಣ್ಣನ ತೊಡೆಯ ಮೇಲೆಯೇ ಜೀವ ಹೋಗಿತ್ತು. ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ. ಹಿಂದಿನ ಸಂಜೆಯೇ ಆಸ್ಪತ್ರೆ ಸೇರಿದ್ದರೆ ಉಳಿಯುವ ಸಾಧ್ಯತೆ ಇತ್ತು ಎಂದು ವೈದ್ಯೆಯಾಗಿ ನಾನು ಇವತ್ತಿಗೂ ನಂಬಿದ್ದೇನೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ರುದ್ರಣ್ಣನಿಗೆ ಡ್ರಿಪ್ ಹಾಕಿದ್ದರು. ನಾನೂ ಶಾಂತಕುಮಾರ್ ಕೂಡ ಮಂಚದ ಪಕ್ಕ ನಿಂತಿದ್ದೆವು.

“ಮಧ್ಯಾಹ್ನವೆಲ್ಲ ನಾನೂ ಕೂಗ್ಕೊಂಡೆ, ಗಾಳೀಲಿ ಯಾರಿಗೂ ಮುಟ್ಲಿಲ್ಲ. ಮುಸ್ಸಂಜೆ ಹೊತ್ತಿಗೆ ಒಂದು ಕೂಗು ಬಂತು ಡಾಕ್ಟ್ರಮ್ಮ,” ಎಂದರು. “ಒಂದೇ ಸಲ. ಮತ್ತೆ ಬರುತ್ತೇನೋ ಅಂತ ಉಸಿರು ಬಿಗಿ ಹಿಡಿದು ಕಾದೆ. ಬರ್ಲಿಲ್ಲ. ಸೆಲ್ವ ನರಳ್ತಾ ಇದ್ದ. ಪೇಟೇಲೇ ಬೆಳೆದವನು, ಅವನಿಗೆ ನಮ್ಮ ಕಾಡಿನ ಪದ್ಧತಿ ಏನು ಗೊತ್ತು? ಎಲ್ಲಿ ಓಗೊಟ್ಟುಬಿಡ್ತಾನೋ ಅಂತ ಅವನ ಎರಡೂ ಕಿವಿ ಮುಚ್ಚಿ ಹಿಡ್ಕೊಂಡೆ.”

ಆ ಗಾಳಿಯಲ್ಲಿ, ಶಾಂತಕುಮಾರ್ ಕೂಗಿದ ಮೂರರಲ್ಲಿ ಅವರ ಕಿವಿಗೆ ದಕ್ಕಿದ್ದು ಒಂದು ಮಾತ್ರ.

“ನಿಜ ಹೇಳಿ, ನೀವು ಎಷ್ಟು ಸಲ ಕೂಗಿದ್ರಿ?” ಎಂದು ರುದ್ರಣ್ಣ ಕೇಳಿದರು.

ಶಾಂತಕುಮಾರ್ ಬಾಯಿ ತೆರೆದರು. ನಾನು ಅವರ ತೋಳನ್ನು ಬಿಗಿಯಾಗಿ ಹಿಡಿದು ರುದ್ರಣ್ಣನಿಗೆ ಕಾಣುವಂತೆ ಒಂದು ಬೆರಳು ಎತ್ತಿದೆ.

ಆ ಬೆರಳನ್ನು ಅವರು ತುಂಬ ಹೊತ್ತು ನೋಡಿದರು. “ಹಂಗಾದ್ರೆ ನಾನು ಮಾಡಿದ್ದು ಸರಿ,” ಎಂದು ಕಣ್ಣು ಮುಚ್ಚಿದರು.

ಆಮೇಲೆ ನಮ್ಮ ಗುಂಪಿನವರು ತಟ್ಟೆ, ಡಬ್ಬ ಬಡಿಯುತ್ತಲೇ ಹುಡುಕಬೇಕೆಂದು ನಿಯಮ ಮಾಡಿದೆ. ದೆವ್ವ ಡಬ್ಬ ಬಡಿಯುತ್ತದೆಂದು ಯಾರೂ ಹೇಳಿದ್ದಿಲ್ಲವಲ್ಲ. ಕಿವಿ ಪರೀಕ್ಷೆಗೆ ಬಂದವರ ಮನೆಯವರನ್ನೂ ಕೂರಿಸಿಕೊಂಡು, ಇವರಿಗೆ ಯಾವ ದನಿ ಕೇಳುತ್ತದೆ, ಯಾವುದು ಕೇಳುವುದಿಲ್ಲ ಎಂದು ತಿಳಿಸತೊಡಗಿದೆ. ಆದರೂ ಮುಸ್ಸಂಜೆಯಲ್ಲಿ ಯಾರಾದರೂ ಒಂದೇ ಸಲ ಕೂಗಿ ಸುಮ್ಮನಾದರೆ ನಾನು ಎರಡನೆಯ ಕೂಗಿಗೆ ಕಾಯುತ್ತೇನೆ. ಗೆಳೆಯನ ಕಿವಿ ಮುಚ್ಚಿದ ಆ ಎರಡು ಅಂಗೈಗಳು ಕಣ್ಣೆದುರು ಬಂದು ನಿಲ್ಲುತ್ತವೆ.

ರುದ್ರಣ್ಣ ತೀರಿಕೊಂಡಿದ್ದಾರೆ, ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಅವರು ಬದುಕಿದ್ದಷ್ಟು ಕಾಲವೂ ಜನ್ನಾಪುರದಲ್ಲಿ ಒಂದು ಮಾತಿತ್ತು: ಶಾಂತಕುಮಾರ್ ಒಂದೇ ಸಲ ಕೂಗಿ ಹೊರಟುಬಿಟ್ಟನಂತೆ, ಇಲ್ಲದಿದ್ದರೆ ಸೆಲ್ವರಾಜ್ ಉಳಿಯುತ್ತಿದ್ದನಂತೆ. ಸೆಲ್ವರಾಜ್ ಹೆಂಡತಿ ಶಾಂತಕುಮಾರ್ ಮುಖ ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಬ್ಬ ರೋಗಿಗೆ ನಾವು ಕೊಟ್ಟ ಸಮಾಧಾನವನ್ನು ಇನ್ನಾರೋ ಹೊರಬೇಕಾಗುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿರಲಿಲ್ಲ, ಉದ್ಯೋಗ ಕಲಿಸಿತು. ನಿಜ ಹೇಳಿಬಿಡುತ್ತೇನೆ ಎಂದು ನಾನು ಹೊರಟಾಗ ಶಾಂತಕುಮಾರ್ ತಡೆದರು.

“ಬೇಡ ಮೇಡಮ್. ನನ್ನ ಕಿವಿ ಚೆನ್ನಾಗಿದೆಯಲ್ಲ, ನಾನು ಕೇಳಿಸ್ಕೊಳ್ತೀನಿ.”