ಹನ್ನೊಂದು ಒಂದುಗಳ ಟೀಚರ್

ಅವರ ಬಲಗೈ ಹೆಬ್ಬೆರಳು ಸುಮ್ಮನಿದ್ದದ್ದನ್ನು ನಾನು ಕಂಡದ್ದೇ ಇಲ್ಲ. ಮಿಕ್ಕ ಬೆರಳುಗಳ ಗೆಣ್ಣುಗಳ ಮೇಲೆ ಸದಾ ಹರಿದಾಡುತ್ತಿತ್ತು. ಹಣೆಯ ಅಗಲ ಕುಂಕುಮ ನೋಡಿ ಬಸ್ಸಿನಲ್ಲಿ ಪಕ್ಕ ಕೂತವರು ಜಪವೆಂದು ಸರಿದು ಜಾಗ ಬಿಡುತ್ತಿದ್ದರು. ಅವರು ಭಾಗಿಸಿ ಒಡೆಯುತ್ತಿದ್ದದ್ದು ಎದುರಿಗೆ ಹೋದ ಲಾರಿಯ ನಂಬರನ್ನು. “ಹದಿನೇಳರಲ್ಲಿ ಹೋಯಿತು ನೋಡಿ,” ಎಂದು ನನ್ನ ಕಡೆ ತಿರುಗಿ ನಗುತ್ತಿದ್ದರು.

ತೊಂಬತ್ತರ ದಶಕದ ಮೊದಲಲ್ಲಿ ನಾನು ಪಾಂಡವಪುರದ ಹೈಸ್ಕೂಲೊಂದಕ್ಕೆ ಕನ್ನಡ ಟೀಚರಾಗಿ ಸೇರಿದಾಗ ಅವರು ಅಲ್ಲಿ ಗಣಿತದ ಟೀಚರು. ಪ್ರತಿ ವರ್ಷ ಮಕ್ಕಳಿಗೆ ಬರೀ ಒಂದುಗಳನ್ನು ಸಾಲಾಗಿ ಬರೆದು ತೋರಿಸುತ್ತಿದ್ದರು. ಮೂರು ಒಂದು ಬರೆದರೆ ಅದು ಮೂರು ಇಂಟು ಮೂವತ್ತೇಳು. ಐದು ಬರೆದರೆ ನಲವತ್ತೊಂದು ಇಂಟು ಇನ್ನೂರ ಎಪ್ಪತ್ತೊಂದು. ಹನ್ನೊಂದು ಒಂದುಗಳಿಗೆ ಬಂದಾಗ ಮಾತ್ರ, “ಇದು ಒಡೆಯೋಲ್ಲ, ಅವಿಭಾಜ್ಯ,” ಎಂದು ಬೋರ್ಡು ಒರೆಸುತ್ತಿದ್ದರು.

ಒಂದು ಸಲ ಹುಡುಗಿಯೊಬ್ಬಳು ಎದ್ದು ಕೇಳಿದಳಂತೆ: “ಎಲ್ಲಾದ್ರಲ್ಲೂ ಭಾಗ್ಸಿ ನೋಡುದ್ರಾ ಟೀಚರ್?”

“ಇಲ್ಲ ಕಣಮ್ಮ. ಸಾವಿರದವರೆಗೆ ನೋಡಿ ಬಿಟ್ಟುಬಿಟ್ಟೆ.”

ಆ ಸಂಜೆ ಬಸ್ಸಿನಲ್ಲಿ ಅವರು ಲಾರಿಗಳ ಕಡೆ ನೋಡಲಿಲ್ಲ. “ಇಷ್ಟು ವರ್ಷ ನೋಡದೇ ಹೇಳಿಬಿಟ್ಟಿದ್ದೀನಲ್ರೀ,” ಎಂದರು.

ಮಾರನೆಯ ದಿನದಿಂದ ಭಾಗಾಕಾರ ಶುರುವಾಯಿತು. ಎಲ್ಲ ಸಂಖ್ಯೆಗಳನ್ನೂ ನೋಡಬೇಕಿಲ್ಲ, ಹನ್ನೊಂದರ ಎರಡರಷ್ಟಾದ ಇಪ್ಪತ್ತೆರಡರಿಂದ ಭಾಗಿಸಿದರೆ ಒಂದು ಉಳಿಯುವ ಅವಿಭಾಜ್ಯಗಳನ್ನು ನೋಡಿದರೆ ಸಾಕು ಎಂದು ಅವರೇ ನನಗೆ ಬಿಡಿಸಿ ಹೇಳಿದರು. ಆದರೂ ವರ್ಷದ ಮೇಲೆ ಹಿಡಿಯಿತು. ಮೈಸೂರಿನಲ್ಲಿ ಕಂಪ್ಯೂಟರಿಗೆ ಕೊಟ್ಟರೆ ಕ್ಷಣದಲ್ಲಿ ಹೇಳುತ್ತದೆ ಎಂದರು ಹೆಡ್‌ಮಾಸ್ಟರು. “ಅದಕ್ಕೆ ಗೊತ್ತಾದರೆ ನನಗೆ ಗೊತ್ತಾದ ಹಾಗಾಯಿತೇ ಸಾರ್?” ಎಂದರು ಇವರು.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನನ್ನ ಮುಂದೆ ಚೀಟಿಯೊಂದನ್ನು ತಳ್ಳಿದರು. ಅದರಲ್ಲಿ ಎರಡೇ ಸಂಖ್ಯೆ: 21649, 513239. “ನೀವು ಗುಣಿಸಿ. ನಾನೊಬ್ಬಳೇ ನೋಡಿದರೆ ಸಾಲದು.”

ಲೆಕ್ಕವೆಂದರೆ ಚಿಕ್ಕಂದಿನಿಂದ ಹೆದರಿದವಳು ನಾನು. ಗುಣಿಸಿ, ಬಲಗಡೆಯಿಂದ ಕೂಡುತ್ತಾ ಹೋದೆ. ಒಂದು ಬಿತ್ತು. ಮತ್ತೆ ಒಂದು. ದಶಕ ಏರಿಸಿ ಕೂಡಿದರೆ ಮತ್ತೂ ಒಂದು. ಇಷ್ಟು ಗಜಿಬಿಜಿ ಅಂಕಿಗಳೊಳಗಿನಿಂದ ಅದು ಹೀಗೆ ನೆಟ್ಟಗೆ ಹೇಗೆ ಬರುತ್ತಿದೆ! ಕೊನೆಯ ಒಂದು ಬರೆಯುವಾಗ ನಾನು ಎದ್ದು ನಿಂತಿದ್ದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, “ಒಡೀತು,” ಎಂದರು.

ಅಷ್ಟಕ್ಕೇ ಬಿಡಲಿಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಸಿಕ್ಕವರಿಗೆಲ್ಲ ಹೇಳಿ ಬರಬೇಕೆಂದು ಹೊರಟರು. ಒಂದು ಭಾನುವಾರ ಚಿನಕುರಳಿಗೆ ನಾನೂ ಹೋದೆ. ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಹೆಂಗಸು ಇವರನ್ನು ಕಂಡದ್ದೇ ಮೋಟರು ನಿಲ್ಲಿಸಿ ಓಡಿ ಬಂದಳು.

“ನಿನಗೆ ನಾನು ತಪ್ಪು ಹೇಳಿಕೊಟ್ಟಿದ್ದೆ ಕಣಮ್ಮ.”

“ಅಯ್ಯೋ, ಅದ್ಕೆ ಇಷ್ಟ್ ದೂರ ಬಂದ್ರಾ? ನಂಗೆ ಆ ನಂಬ್ರೇ ಮರ್ತೋಗದೆ ಬುಡಿ ಟೀಚರ್!”

ಇವರು ಬಿಡಲಿಲ್ಲ. ತಗಡಿನ ಮೇಲೆ ಕೂತಿದ್ದ ರಾಗಿಹಿಟ್ಟಿನ ಧೂಳಿನಲ್ಲೇ ಬೆರಳಿನಿಂದ ಬರೆದು ತೋರಿಸಿದರು. ಅವಳು ಬಗ್ಗಿ ನೋಡುತ್ತಾ ನಿಂತವಳು ಕೇಳಿದಳು: “ಅಂಗಾರೆ ಅದಿಮೂರು ಒಂದ್ ಬರುದ್ರೆ?”

“ನೀನೇ ನೋಡು. ಇಪ್ಪತ್ತಾರರಿಂದ ಭಾಗಿಸಿದರೆ ಒಂದು ಉಳಿಯೋವು ಮಾತ್ರ.”

ಮುಂದಿನ ವಾರ ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅವಳು ಶಾಲೆಯ ಗೇಟಿನಲ್ಲಿದ್ದಳು. “ಟೀಚರ್, ಐವತ್ಮೂರ್ರಲ್ಲಿ ಓಯ್ತದೆ! ಏನೂ ಉಳಿಯಾಕಿಲ್ಲ!” ಮಕ್ಕಳೆಲ್ಲ ನೋಡುತ್ತಿದ್ದಂತೆ ಟೀಚರು ಅವಳ ಎರಡೂ ಕೈ ಹಿಡಿದುಕೊಂಡರು.

ನಿವೃತ್ತರಾದ ಮೇಲೆ ಹೊಸಹೊಳಲಿನ ಮನೆಯಲ್ಲಿ ಹಾಸಿಗೆ ಹಿಡಿದರು. ನೋಡಲು ಹೋದಾಗ ಮಾತಿಗೆಂದು ಕೇಳಿದೆ: “ಹದಿನೇಳು ಒಂದು ಬರೆದರೆ ಒಡೆಯುತ್ತಾ?”

ಅವರ ಮುಖ ಅರಳಿತು. “ಗೊತ್ತಿಲ್ಲ ಕಣ್ರೀ. ಎಷ್ಟು ಚೆನ್ನಾಗಿದೆ ಅಲ್ವಾ, ಇನ್ನೂ ಗೊತ್ತಿಲ್ಲ!”

ಆ ವರ್ಷವೇ ತೀರಿಕೊಂಡರು. ‘ಗೊತ್ತಿಲ್ಲ’ ಎಂಬ ಮಾತನ್ನು ಅಷ್ಟು ಸಂತೋಷದಿಂದ ಆಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಆಮೇಲೆ ನನ್ನ ತರಗತಿಯಲ್ಲೂ ಮಕ್ಕಳು ನನಗೆ ತಿಳಿಯದ ಪದದ ಮೂಲ ಕೇಳಿದಾಗ ಅದೇ ಮಾತು ಹೇಳುತ್ತಾ ಬಂದೆ. ಮಕ್ಕಳು ತಮ್ಮ ಬೆಂಚುಗಳಿಂದ ಮುಂದಕ್ಕೆ ಬಾಗುತ್ತಿದ್ದರು.